ಕನಸಿನಲ್ಲೂ ಎಚ್ಚರ, ಎದ್ದ ಮೇಲೂ ಸುಸ್ತು: ಏನು ಮಾಡಬೇಕು?

‘ಇದು ಕನಸು’ ಎಂದು ಕನಸಿನೊಳಗೇ ಗೊತ್ತಾಗುವುದಕ್ಕೆ ಲೂಸಿಡ್ ಡ್ರೀಮ್ ಎನ್ನುತ್ತಾರೆ. ಇದು ರೋಗವಲ್ಲ, ಯಾರೋ ಮಾಡಿಸಿದ್ದೂ ಅಲ್ಲ. ಮಲಗಿದ್ದವರೊಬ್ಬರು ಮೊದಲೇ ಮಾತಾಡಿಕೊಂಡಂತೆ ಕನಸಿನಲ್ಲಿದ್ದುಕೊಂಡೇ ಕಣ್ಣುಗುಡ್ಡೆ ಎಡಬಲ ಹೊರಳಿಸಿ ಸೂಚನೆ ಕೊಟ್ಟದ್ದು 1975ರಲ್ಲೇ ಇಂಗ್ಲೆಂಡಿನಲ್ಲಿ ದಾಖಲಾಗಿದೆ. ತಿಂಗಳಿಗೆ ಒಂದೆರಡು ಬಿದ್ದರೆ ಚಿಂತೆ ಬೇಡ. ವಾರಕ್ಕೆ ನಾಲ್ಕೈದು ಬಿದ್ದು, ಎಂಟು ತಾಸು ಮಲಗಿಯೂ ಮೈ ಭಾರವೇ ಆಗಿದ್ದರೆ ಕನಸನ್ನು ಬೈಯುವ ಮೊದಲು ಬೆಳಗಿನ ಜಾವ ಎಷ್ಟು ಸಲ ಎಚ್ಚರವಾಗುತ್ತಿದೆ ನೋಡಿ. ಬಹಳ ಸಲ ಕಳ್ಳ ಸಿಗುವುದು ಅಲ್ಲೇ.

ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಗಾಢ ನಿದ್ದೆಯೆಲ್ಲ ಹೆಚ್ಚಾಗಿ ಮೊದಲ ಸುತ್ತುಗಳಲ್ಲಿ. ಕನಸು ದಟ್ಟವಾಗಿರುವ ರೆಮ್ ನಿದ್ದೆ ಬೆಳಗಾಗುತ್ತ ಉದ್ದವಾಗುತ್ತದೆ. ಲೂಸಿಡ್ ಕನಸು ಬೇಕೆಂದು ಹಟ ಹಿಡಿದವರು ಐದು ತಾಸು ಮಲಗಿ, ಅಲಾರ್ಮ್‌ಗೆ ಎದ್ದು, ಅರ್ಧ ತಾಸು ಎಚ್ಚರವಿದ್ದು ಮತ್ತೆ ಮಲಗುತ್ತಾರೆ. ನಲ್ಲಿ ನೀರಿಗೆ ನಾಲ್ಕೂವರೆಗೆ ಎದ್ದು, ಡ್ರಮ್ ತುಂಬುವ ತನಕ ಮೊಬೈಲ್ ನೋಡಿ, ಮತ್ತೆ ಆರೂವರೆವರೆಗೆ ಒರಗುವ ಮುಂಬಯಿಯ ಮನೆಮಂದಿ ಇದೇ ತಂತ್ರವನ್ನು ಗೊತ್ತಿಲ್ಲದೆ ದಿನಾ ಮಾಡುತ್ತಿರುತ್ತಾರೆ!

ಹಾಗಾಗಿ ಮೊದಲ ರಿಪೇರಿ ನೀರಿನದು. ಡ್ರಮ್ಮಿಗೆ ಬಾಲ್ ವಾಲ್ವ್ (ನೀರಿನ ಮೇಲೆ ತೇಲುವ ಚೆಂಡಿನದು) ಹಾಕಿಸಿ ನಲ್ಲಿ ತೆರೆದಿಟ್ಟೇ ಮಲಗಬಹುದು. ತುಂಬಿದೊಡನೆ ತಾನೇ ನಿಲ್ಲುತ್ತದೆ. ಪೈಪು ಸಡಿಲವಿದ್ದರೆ ಒತ್ತಡಕ್ಕೆ ಕಳಚಿ ಮನೆಯೆಲ್ಲ ನೀರಾಗುತ್ತದೆ, ಕ್ಲಿಪ್ ಬಿಗಿಸಿರಲಿ. ಅದಾಗದಿದ್ದರೆ ಮನೆಯವರು ಪಾಳಿ ಹಚ್ಚಿಕೊಳ್ಳಿ. ನಿಮ್ಮ ಪಾಳಿಯ ದಿನ ದೊಡ್ಡ ದೀಪ ಬೇಡ, ಮೊಬೈಲ್ ಬೇಡ, ಹತ್ತು ನಿಮಿಷದಲ್ಲಿ ಹಾಸಿಗೆ ಸೇರಿ. ಎಚ್ಚರ ಉದ್ದವಾದಷ್ಟೂ ಮುಂದಿನ ಕನಸಿನಲ್ಲಿ ಅರಿವು ಹೆಚ್ಚು. ಇಡ್ಲಿ ಬೇಯಿಸಲು ನಾಲ್ಕಕ್ಕೇ ಏಳಬೇಕಾದ ಹೋಟೆಲ್ ಕೆಲಸದವರು ಒಂಬತ್ತಕ್ಕೆ ಮಲಗಬೇಕು, ಬೇರೆ ದಾರಿಯಿಲ್ಲ.

ಅಲಾರ್ಮನ್ನು ಕೆಲವು ನಿಮಿಷ ಮುಂದೂಡಿ ಮತ್ತೆ ಮಲಗುವ ಸ್ನೂಜ್ ಕೂಡ ಇದೇ ಜಾತಿಯದು. ಏಳುವ ಹೊತ್ತಿಗೆ ಒಂದೇ ಅಲಾರ್ಮ್ ಇಟ್ಟು ಫೋನನ್ನು ಕೋಣೆಯ ಇನ್ನೊಂದು ತುದಿಯಲ್ಲಿಡಿ. ಸುಸ್ತು ತೀರಿಸಲೆಂದು ರವಿವಾರ ಹತ್ತರವರೆಗೆ ಬಿದ್ದುಕೊಳ್ಳುವವರಿಗೆ ಅಂದೇ ಅತಿ ಹೆಚ್ಚು ಕನಸು: ಹೆಚ್ಚಿಸಿದ ಹೊತ್ತೆಲ್ಲ ತೆಳು ನಿದ್ದೆಗೂ ರೆಮ್‌ಗೂ ಹೋಗುತ್ತದೆ. ಹಾಸಿಗೆಯಲ್ಲಿ ಏಳೂವರೆ ತಾಸು ಸಾಕು, ಏಳುವ ಹೊತ್ತು ವಾರವಿಡೀ ಒಂದೇ ಇರಲಿ.

ಕನಸಿನ ಡೈರಿ, ಹಗಲಲ್ಲಿ ಬೆರಳೆಣಿಸಿ ‘ಇದು ಕನಸೇ?’ ಎಂದು ಪರೀಕ್ಷಿಸುವ ಚಟ, ಕನಸಿಗೆಂದೇ ನುಂಗುವ ಬಿ6 ಮಾತ್ರೆ, ಎಲ್ಲ ನಿಲ್ಲಿಸಿ. ಕನಸಿನೊಳಗೆ ಎಚ್ಚರವಾದರೆ ಅದನ್ನು ನಡೆಸಲು ಹೋಗಬೇಡಿ, ಒದ್ದಾಡಿ ಎದ್ದೇಳಲೂ ಹೋಗಬೇಡಿ. ಪ್ರತಿ ಸಲ ಬಲವಂತವಾಗಿ ಎದ್ದರೆ ಆ ಹೊತ್ತಿಗೆ ಏಳುವುದೇ ರೂಢಿಯಾಗುತ್ತದೆ. ಲೋಕಲ್ ರೈಲಿನ ಕಿಟಕಿಯಿಂದ ಸ್ಟೇಶನ್‌ಗಳನ್ನು ನೋಡಿದಂತೆ ನೋಡುತ್ತಿರಿ. ಅದೇ ಹೆದರಿಕೆಯ ಕನಸು ಮರುಕಳಿಸುತ್ತಿದ್ದರೆ ಹಗಲಲ್ಲಿ ಅದನ್ನು ಬರೆದು, ಕೊನೆ ಬದಲಿಸಿ, ಹೊಸ ಕೊನೆಯನ್ನು ದಿನಕ್ಕೆ ಹತ್ತಿಪ್ಪತ್ತು ನಿಮಿಷ ಕಣ್ಮುಚ್ಚಿ ನೆನೆಯಿರಿ. ಎಚ್ಚರವಾದರೂ ಮೈ ಅಲುಗದಿದ್ದರೆ ಉಸಿರು ನಿಧಾನ ಮಾಡಿ ಕಾಲ್ಬೆರಳೊಂದನ್ನು ಅಲುಗಿಸಲು ನೋಡಿ. ಅಂಗಾತ ಮಲಗುವವರು ಮಗ್ಗುಲಾಗಿ ಮಲಗಲಿ.

ಮುಂಬಯಿಯಿಂದ ಡೊಂಬಿವಲಿಯಂಥ ಉಪನಗರಕ್ಕೆ ಮರಳುವ ರಾತ್ರಿ ಎಂಟರ ಗಾಡಿಯಲ್ಲಿ ಸೀಟು ಸಿಕ್ಕ ಖುಷಿಗೆ ತೂಕಡಿಸಿದರೆ ರಾತ್ರಿಯ ನಿದ್ದೆಯೇ ತೆಳುವಾಗುತ್ತದೆ. ತೂಕಡಿಸಲೇಬೇಕಿದ್ದರೆ ಮಧ್ಯಾಹ್ನ ಮೂರರೊಳಗೆ, 20 ನಿಮಿಷ. ಚಹಾದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ತಾಸು ಬೇಕು. ಕೊನೆಯ ಕಟಿಂಗ್ (ಅರ್ಧ ಲೋಟ ಚಹಾ) ಮಧ್ಯಾಹ್ನ ಎರಡಕ್ಕೇ ಮುಗಿಸಿ. ಮದ್ಯ ಮೊದಲರ್ಧದ ರೆಮ್ ಅನ್ನು ಅದುಮುತ್ತದೆ, ಬೆಳಗಿನ ಜಾವ ಅದು ಸೇಡು ತೀರಿಸಿಕೊಂಡಂತೆ ಬರುತ್ತದೆ. ಗಾಂಜಾ ಬಿಟ್ಟವರಿಗೂ ಕೆಲವು ವಾರ ಹೀಗೇ.

ಬಿಪಿಯ ಮೆಟೊಪ್ರೊಲಾಲ್, ಖಿನ್ನತೆಯ ಕೆಲವು ಮಾತ್ರೆ, ಅಲರ್ಜಿಯ ಮಾಂಟೆಲುಕಾಸ್ಟ್, ಇವೂ ಕನಸನ್ನು ಗಾಢವಾಗಿಸಬಲ್ಲವು. ನೀವಾಗಿ ನಿಲ್ಲಿಸಬೇಡಿ, ತೆಗೆದುಕೊಳ್ಳುವ ಹೊತ್ತನ್ನೋ ಔಷಧಿಯನ್ನೋ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ.

ಗೊರಕೆ, ಒಣ ಬಾಯಿ, ಎದ್ದಾಗ ತಲೆನೋವು ಇದ್ದರೆ ಸ್ಲೀಪ್ ಆಪ್ನಿಯ (ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ) ಇರಬಹುದು, ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯ ಪರೀಕ್ಷೆ, ಮಾಡಿಸಿ. ಜೋರಾಗಿ ನಕ್ಕಾಗ ಮೊಣಕಾಲು ಕುಸಿದರೆ, ಹಗಲಲ್ಲಿ ತಡೆಯಲಾರದ ನಿದ್ದೆ ಬಂದರೆ ನಾರ್ಕೊಲೆಪ್ಸಿಯ (ನಿದ್ದೆ-ಎಚ್ಚರದ ಮೇಲೆ ಮಿದುಳಿನ ಹಿಡಿತ ತಪ್ಪುವ ರೋಗ) ಅನುಮಾನಕ್ಕೆ ನರರೋಗ ತಜ್ಞರನ್ನು ಕಾಣಿ. ಸುಸ್ತಿಗೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು), ಟಿಎಸ್‌ಎಚ್ (ಥೈರಾಯ್ಡ್), ಬಿ12 ನೋಡಿಸಿ. ಕನಸು ಯಾವುದು, ನಡೆದದ್ದು ಯಾವುದು ಎಂದು ಹಗಲಲ್ಲೂ ಗೊಂದಲವಾದರೆ ಮನೋವೈದ್ಯರ ಬಳಿ ಹೋಗಲು ತಡಮಾಡಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿನಲ್ಲಿ ಕನ್ನಡದಲ್ಲೂ ಮಾತಾಡಬಹುದು.

ದವಾಖಾನೆಯಲ್ಲಿ ಕನಸಿನಿಂದ ಮಾತು ಶುರುಮಾಡಿದರೆ ‘ಟೆನ್ಶನ್ ಬಿಡಿ’ ಎಂದು ಕಳಿಸಿಬಿಡುವುದೂ ಉಂಟು. ‘ಆಠ ತಾಸ ಝೋಪತೋ, ತರೀ ಥಕವಾ ಜಾತ ನಾಹೀ’ (ಎಂಟು ತಾಸು ಮಲಗುತ್ತೇನೆ, ಆದರೂ ಸುಸ್ತು ಹೋಗುವುದಿಲ್ಲ) ಎಂದು ಮರಾಠಿಯಲ್ಲಿ ಸುಸ್ತನ್ನೇ ಮೊದಲು ಹೇಳಿ, 14 ದಿನದ ಚೀಟಿ ಮುಂದಿಡಿ: ಮಲಗಿದ್ದು, ನಡುವೆ ಎದ್ದದ್ದು, ಕೊನೆಗೆ ಎದ್ದದ್ದು, ಮಧ್ಯಾಹ್ನದ ಸುಸ್ತಿಗೆ ಹತ್ತರಲ್ಲಿ ಎಷ್ಟು ಅಂಕ. ಕನಸಿನ ಕಥೆ ಬರೆಯಬೇಡಿ, ಬಿದ್ದಿತೋ ಇಲ್ಲವೋ ಎಂಬ ಗುರುತಷ್ಟೇ ಸಾಕು.