ಈ ಅರ್ಜಿಗೆ ಕೊನೆಯ ಸಹಿ ಯಾರದು?

ಚಿತ್ರದುರ್ಗ ಜಿಲ್ಲೆಯ ಒಬ್ಬ ಶಾಸಕರ ಹತ್ತಿರ ಒಂದು ಪೂರ್ತಿ ಅವಧಿ ಪಿಎ ಆಗಿದ್ದೆ. ಕ್ಷೇತ್ರ ಯಾವುದು, ಪಕ್ಷ ಯಾವುದು ಅಂತ ಬರೆಯಲ್ಲ. ಯಾರ ಹತ್ತಿರ ಇದ್ದರೂ ಈ ಕೆಲಸ ಹೆಚ್ಚುಕಮ್ಮಿ ಒಂದೇ. ಬೆಳಗಾದರೆ ಬಾಗಿಲಲ್ಲಿ ಜನ, ಕೈಯಲ್ಲಿ ಅರ್ಜಿ. ಇಸ್ಕೊಂಡು, ಲೆಟರ್‌ಹೆಡ್ ಮೇಲೆ ‘ಸೂಕ್ತ ಕ್ರಮ ಕೈಗೊಳ್ಳುವುದು’ ಎಂದು ಟೈಪ್ ಮಾಡಿ, ಸಹಿ ಹಾಕಿಸಿ ಕೊಟ್ಟರೆ ಬಂದವರೂ ಖುಷಿ, ನಾವೂ ಖುಷಿ. ಆದರೆ ಆ ಪತ್ರ ಸೀದಾ ತಾಲ್ಲೂಕು ಕಚೇರಿಯ ಯಾವುದೋ ಫೈಲಿಗೆ ಹೋಗಿ ಮಲಗುತ್ತದೆ.

ನಾನು ಒಂದು ಉದ್ದನೆಯ ರಿಜಿಸ್ಟರ್ ಇಟ್ಟೆ. ಊರು, ಹೆಸರು, ವಿಷಯ ಎಲ್ಲ ಕಡೆ ಬರೆಯುತ್ತಾರೆ. ನಾನು ಜಾಸ್ತಿ ಹಾಕಿದ್ದು ಒಂದೇ ಕಾಲಂ: ಕೊನೆಯ ಸಹಿ ಯಾರದು? ಪಂಚಾಯಿತಿಯ ಪಿಡಿಒ ಕೈಯಲ್ಲಿ ಆಗುವಂಥದ್ದಾ, ತಹಶೀಲ್ದಾರ್ ಹತ್ತಿರ ಹೋಗಬೇಕಾ, ಡಿಸಿ ಮಂಜೂರು ಮಾಡಬೇಕಾ, ಬೆಂಗಳೂರಿಗೇ ಹೋಗಬೇಕಾ, ಇಲ್ಲ ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡುವ, ಶಾಸಕರೇ ಅಧ್ಯಕ್ಷರಾಗಿರುವ ಬಗರ್‌ಹುಕುಂ ಕಮಿಟಿಯದ್ದಾ? ಇದು ಗೊತ್ತಾಗದ ಅರ್ಜಿಗೆ ನಾನು ಪತ್ರ ಟೈಪ್ ಮಾಡುತ್ತಿರಲಿಲ್ಲ. “ಸಾಹೇಬ್ರು ಒಂದು ಫೋನ್ ಹೊಡೆದ್ರೆ ಸಾಕು ಸ್ವಾಮಿ” ಅನ್ನುವವರು ಬೇಕಾದಷ್ಟು. “ಯಾರಿಗೆ ಹೊಡೀಬೇಕು ಹೇಳಿ ಯಜಮಾನ್ರೆ” ಅಂದರೆ ಸುಮ್ಮನಾಗುತ್ತಿದ್ದರು. ಅವರ ತಪ್ಪಲ್ಲ ಅದು. ಯಾವ ಕಚೇರಿಯಲ್ಲೂ ಅವರಿಗೆ ಇದನ್ನು ಬಿಡಿಸಿ ಹೇಳಿರುವುದಿಲ್ಲ.

ಶಾಸಕರ ನಿಧಿ ಬಗ್ಗೆ ಜನರಿಗೆ ಇರುವ ಲೆಕ್ಕವೇ ಬೇರೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ. ಆ ದುಡ್ಡು ಅವರ ಕೈಗೆ ಬರುವುದಿಲ್ಲ. ಅವರು ಕಾಮಗಾರಿಗೆ ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಧಿಕಾರಿ, ಕೆಲಸ ಮಾಡುವುದು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗವೋ ನಿರ್ಮಿತಿ ಕೇಂದ್ರವೋ. ಕ್ಷೇತ್ರದಲ್ಲಿ 200 ಊರು ಇದ್ದರೆ ಊರಿಗೆ 1 ಲಕ್ಷ ಬೀಳುತ್ತದೆ. ಅದರಲ್ಲಿ ಒಂದು ಬೀದಿಗೆ ನೆಟ್ಟಗೆ ಸಿಸಿ ರಸ್ತೆ ಆಗಲ್ಲ. ಹಂಚಿಬಿಟ್ಟರೆ ಎಲ್ಲರಿಗೂ ಒಂದೊಂದು ಗುದ್ದಲಿ ಪೂಜೆಯ ಫೋಟೋ ಸಿಗುತ್ತದೆ, ಕೆಲಸ ಸಿಗಲ್ಲ. ಅದಕ್ಕೇ ನಿಧಿಯನ್ನು ಶಾಲಾ ಕೊಠಡಿ, ಅಂಗನವಾಡಿಗೆ ಇಡೋಣ, ಸಮುದಾಯ ಭವನ ಆಮೇಲೆ ನೋಡೋಣ ಎಂದು ಹಠ ಹಿಡಿದು ಕೂತೆ. ಎಲ್ಲ ಸಲವೂ ನನ್ನ ಮಾತು ನಡೆಯಲಿಲ್ಲ. ಚುನಾವಣೆ ಹತ್ತಿರ ಬಂದಾಗಂತೂ ಸಮುದಾಯ ಭವನಗಳೇ ಗೆದ್ದವು.

ರಿಜಿಸ್ಟರ್ ತುಂಬುತ್ತಾ ಹೋದಂತೆ ಕಣ್ಣಿಗೆ ಬಿದ್ದದ್ದು ನೀರು. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸ ವಿಷಯವಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಅದಕ್ಕೆಂದೇ ಊರೂರಿಗೆ ಶುದ್ಧ ನೀರಿನ ಘಟಕ ಬಂದವು. ಆದರೂ ಅರ್ಜಿಗಳಲ್ಲಿ ‘ಹೊಸ ಘಟಕ ಮಂಜೂರು ಮಾಡಿಸಿ’ ಎಂಬುದೇ ಜಾಸ್ತಿ. ಒಂದು ಊರಿಗೆ ಹೋಗಿ ನೋಡಿದೆ. ಘಟಕ ಇದೆ. ಕಾಯಿನ್ ಹಾಕುವ ಕಿಂಡಿಗೆ ಯಾರೋ ಬೀಡಿ ಕಟ್ಟಿನ ಕಾಗದ ತುರುಕಿದ್ದಾರೆ. ನಲ್ಲಿಗೆ ಬಟ್ಟೆ ಸುತ್ತಿ ಸುತಲಿ ಬಿಗಿದಿದ್ದಾರೆ. ಮೇಲೆ ಉದ್ಘಾಟನೆಯ ಕಲ್ಲು ಮಾತ್ರ ಫಳಫಳ. ಒಳಗೆ ಕೆಟ್ಟಿದ್ದು ನೀರು ಸೋಸುವ ಮೆಂಬ್ರೇನ್. ಟೆಂಡರ್ ಹಿಡಿದವನ ನಿರ್ವಹಣೆ ಅವಧಿ ಮುಗಿದಿತ್ತು, ಆಮೇಲೆ ಅದು ಯಾರದ್ದೂ ಅಲ್ಲ.

ಶಾಸಕರ ನಿಧಿ ಇರುವುದು ಹೊಸ ಆಸ್ತಿ ಮಾಡಲಿಕ್ಕೆ, ದಿನನಿತ್ಯದ ರಿಪೇರಿಗೆ ಅದರಲ್ಲಿ ದಾರಿಯಿಲ್ಲ. ದುಡ್ಡು ಇದ್ದದ್ದು ಗ್ರಾಮ ಪಂಚಾಯಿತಿಯಲ್ಲಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು. ಹಾಗಾಗಿ ಹೊಸ ಘಟಕದ ಪತ್ರ ಬರೆಯುವುದು ಬಿಟ್ಟು, ಕೆಟ್ಟು ನಿಂತವುಗಳ ಪಟ್ಟಿ ಮಾಡಿದೆ. ಇಲಾಖೆಗಳ ಕೆಲಸದ ಪ್ರಗತಿ ನೋಡುವ ತಾಲ್ಲೂಕು ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು. ಅಲ್ಲಿ ‘ಘಟಕಗಳು ಹೇಗಿವೆ?’ ಎಂದು ಕೇಳಿದರೆ ‘ಚಾಲ್ತಿಯಲ್ಲಿವೆ ಸಾರ್’ ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಆದ್ದರಿಂದ ಸಭೆ ದಿನ ಬೆಳಿಗ್ಗೆ ಆಯಾ ಊರಿನ ಒಬ್ಬರಿಗೆ ಫೋನ್ ಮಾಡಿ, ಇವತ್ತು ನೀರು ಬಂತಾ ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ. ಶಾಸಕರು ಊರಿನ ಹೆಸರು ಹಿಡಿದೇ ಕೇಳಿದರು. ಚಾಲ್ತಿಯಲ್ಲಿದೆ ಎಂದ ಇಂಜಿನಿಯರ್‌ಗೆ, “ಹಾಗಾದ್ರೆ ಸಭೆ ಮುಗಿದ ಮೇಲೆ ಅಲ್ಲೇ ಹೋಗಿ ಒಂದು ಲೋಟ ನೀರು ಕುಡಿದು ಬರೋಣ ಬನ್ನಿ” ಎಂದರು. ಹೋಗುವ ಪ್ರಸಂಗ ಬರಲಿಲ್ಲ. ಎಲ್ಲವೂ ರಿಪೇರಿಯಾಗಲಿಲ್ಲ ನಿಜ, ಆದರೆ ಪಿಡಿಒಗಳು ಕ್ರಿಯಾಯೋಜನೆಯಲ್ಲಿ ಮೆಂಬ್ರೇನ್‌ಗೆ ದುಡ್ಡು ತೆಗೆದಿಡುವುದು ಅಲ್ಲಿಂದ ಶುರುವಾಯಿತು.

ಗೊಲ್ಲರಹಟ್ಟಿ, ತಾಂಡಾಗಳಿಂದ ಬರುತ್ತಿದ್ದದ್ದು ಹಕ್ಕುಪತ್ರದ ಅರ್ಜಿ. ಅಜ್ಜನ ಕಾಲದಿಂದ ಮನೆ ಇದೆ, ಕಾಗದ ಇಲ್ಲ. ಇಲ್ಲಿ ಜಾಗ ಯಾರದ್ದು ಎಂಬುದು ಮೊದಲ ಪ್ರಶ್ನೆ. ಸರ್ಕಾರಿ ಜಾಗದ ಮನೆಯಾದರೆ ಭೂಕಂದಾಯ ಕಾಯ್ದೆಯ 94ಸಿ ಅಡಿ ಸಕ್ರಮಕ್ಕೆ ಒಂದು ದಾರಿ. ಹಟ್ಟಿ ಪೂರ್ತಿ ದಾಖಲೆಯಿಲ್ಲದ ಜನವಸತಿಯಾದರೆ ಅದನ್ನು ಕಂದಾಯ ಗ್ರಾಮ ಮಾಡಬೇಕು, ಆ ಫೈಲು ಡಿಸಿ ತನಕ ಹೋಗುತ್ತದೆ. ಮನೆಗೊಂದು ಅರ್ಜಿ ಕೊಡುವ ಬದಲು ಹಟ್ಟಿಗೆ ಒಂದೇ ಅರ್ಜಿ ಮಾಡಿಸಿ, ಹಳೆಯ ಕರೆಂಟ್ ಬಿಲ್, ವೋಟರ್ ಲಿಸ್ಟಿನ ಪುಟ ಲಗತ್ತಿಸಿ ಕೊಟ್ಟ ಮೇಲೆ ಫೈಲು ಅಲುಗಾಡಿತು.

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ ಮಾತ್ರ ಯಾವ ಕಾಲಂಗೂ ಹೊಂದಲಿಲ್ಲ. 2023-24ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಘೋಷಣೆಯಾದ ಮೇಲೆ ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು. ಒಬ್ಬ ಶಾಸಕರಿಂದ ಆಗುವಂಥದ್ದಲ್ಲ ಅದು. ಪತ್ರ, ನಿಯೋಗ, ಸದನದಲ್ಲಿ ಪ್ರಶ್ನೆ, ಇಷ್ಟೇ ಕೈಯಲ್ಲಿರುವುದು.

ಸದನದ ಪ್ರಶ್ನೆ ಸಿದ್ಧ ಮಾಡಲಿಕ್ಕೂ ಈ ರಿಜಿಸ್ಟರೇ ಆಧಾರ. ಅಧಿವೇಶನಕ್ಕೆ ಮುಂಚೆ, ಬೆಂಗಳೂರಿನ ಸಹಿ ಬೇಕಾದ ಅರ್ಜಿಗಳನ್ನೆಲ್ಲ ಒಂದು ಕಡೆ ಹಾಕಿ, ಪದೇ ಪದೇ ಬಂದದ್ದನ್ನು ಪ್ರಶ್ನೆ ಮಾಡುತ್ತಿದ್ದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರ ಹೇಳಬೇಕು, ಟಿವಿಯಲ್ಲೂ ಕಾಣುತ್ತದೆ. ನನಗೆ ಇಷ್ಟ ಚುಕ್ಕೆ ಇಲ್ಲದ್ದು. ಉತ್ತರ ಬರಹದಲ್ಲಿ ಬರುತ್ತದೆ, ಜೊತೆಗೆ ಊರುವಾರು ಅನುಬಂಧ ಕೇಳಬಹುದು. ‘ಪರಿಶೀಲನೆಯಲ್ಲಿದೆ’ ಎಂದು ಬಂದರೂ ಬೇಜಾರಿಲ್ಲ. ಆ ಹಾಳೆಯ ಜೆರಾಕ್ಸ್ ತೆಗೆಸಿ, ಒಂದು ಅರ್ಜಿದಾರರಿಗೆ, ಇನ್ನೊಂದು ಮುಂದಿನ ಕೆಡಿಪಿ ಫೈಲಿಗೆ. ಯಾವ ಹಂತದ ಪರಿಶೀಲನೆ, ಯಾರ ಟೇಬಲ್ ಮೇಲೆ ಎಂದು ಶಾಸಕರು ಕೇಳುವುದು ಅಲ್ಲಿ.