ಮಾಜಿ ಫುಟ್‌ಬಾಲ್ ಆಟಗಾರರ ಮೆದುಳನ್ನು ಸ್ಕ್ಯಾನ್ ಮಾಡುವಾಗ

ಅಮೆರಿಕನ್ ಫುಟ್‌ಬಾಲಿನಲ್ಲಿ ತಲೆಗೆ ಮತ್ತೆ ಮತ್ತೆ ಪೆಟ್ಟು ಬೀಳುತ್ತದೆ. ಆದರೂ ಅದನ್ನು ಹತ್ತಿಪ್ಪತ್ತು ವರ್ಷ ಆಡಿ ಬಿಟ್ಟವರ ಮಾಮೂಲಿ ಎಂಆರ್‌ಐ ಬಹಳ ಸಲ ಏನೂ ಆಗಿಲ್ಲ ಎನ್ನುವಂತೆಯೇ ಬರುತ್ತದೆ. ಹಾಗಾಗಿ ನಮ್ಮ ಸಂಶೋಧನೆಯಲ್ಲಿ ನಾವು ಹೆಚ್ಚು ನೆಚ್ಚುವುದು ಡಿಟಿಐಯನ್ನು, ಅಂದರೆ ನೀರಿನ ಹರಡುವಿಕೆಯನ್ನು ಅಳೆಯುವ ಒಂದು ಬಗೆಯ ಎಂಆರ್‌ಐಯನ್ನು. ನರತಂತುಗಳಲ್ಲಿ ನೀರಿನ ಅಣುಗಳ ಓಡಾಟ ಒಂದೇ ದಿಕ್ಕಿಗೆ ಎಷ್ಟು ಕಟ್ಟುಬಿದ್ದಿದೆ ಎಂಬುದನ್ನು ಅದು 0ಯಿಂದ 1ರವರೆಗಿನ ಎಫ್‌ಎ ಅಂಕಿಯಾಗಿ ಕೊಡುತ್ತದೆ.

ಸ್ಕ್ಯಾನಿನ ಹೊಂದಿಕೆ ಹೀಗೆ: 3 ಟೆಸ್ಲಾ ಯಂತ್ರ, 2 ಮಿ.ಮೀ. ಘನದ ವಾಕ್ಸೆಲ್ (ಚಿತ್ರದ ಒಂದು ಪುಟ್ಟ ತುಣುಕು), ಬಿ-ಮೌಲ್ಯ (ಹರಡುವಿಕೆಗೆ ಚಿತ್ರ ಎಷ್ಟು ಸೂಕ್ಷ್ಮ ಎಂಬುದರ ಅಳತೆ) 1000, ಅಳೆಯುವುದು 64 ದಿಕ್ಕಿನಲ್ಲಿ, ನಡುನಡುವೆ ಬಿ-ಸೊನ್ನೆ, ಅಂದರೆ ಆ ಮೌಲ್ಯ ಸೊನ್ನೆ ಇರುವ ಚಿತ್ರಗಳು. ಕೊನೆಗೆ ಫೇಸ್ ಎನ್‌ಕೋಡಿಂಗ್ ದಿಕ್ಕು (ಚಿತ್ರ ಸೊಟ್ಟಗಾಗುವ ದಿಕ್ಕು) ತಿರುಗಿಸಿ ಇನ್ನೂ ಕೆಲವು ಬಿ-ಸೊನ್ನೆ. ಒಂದು ನಿಮಿಷದ ಈ ಕೆಲಸ ಬಿಟ್ಟುಹೋದರೆ ಸೊಟ್ಟವನ್ನು ಸರಿಪಡಿಸುವ ಟಾಪ್‌ಅಪ್ ಎಂಬ ತಂತ್ರಾಂಶಕ್ಕೆ ಬೇಕಾದ ಜೋಡಿಯೇ ಇರುವುದಿಲ್ಲ. ಸೈನಸ್ ಗಾಳಿಯ ಪಕ್ಕದ, ಮೆದುಳಿನ ಮುಂಭಾಗದ ಬುಡ ಎಳೆದ ರಬ್ಬರಿನಂತೆ ಸೊಟ್ಟಗಾಗಿ ಉಳಿಯುತ್ತದೆ. ನಾವು ಹಾನಿ ಹುಡುಕುವ ಜಾಗಗಳಲ್ಲಿ ಅದೂ ಒಂದು!

ಸಂಸ್ಕರಣೆಯಲ್ಲಿ ಮೊದಲು ಡಿನಾಯ್ಸ್ (ಗದ್ದಲ ತೆಗೆಯುವುದು), ಆಮೇಲೆ ಗಿಬ್ಸ್ ತಿದ್ದುಪಡಿ (ಅಂಚುಗಳ ಸುಳ್ಳು ಗೆರೆ ಅಳಿಸುವುದು), ಟಾಪ್‌ಅಪ್, ಎಡ್ಡಿ (ತಲೆಯ ಅಲುಗಾಟ, ಸುಳಿ ವಿದ್ಯುತ್ತಿನ ಸೊಟ್ಟ ತಿದ್ದುವುದು). ಡಿನಾಯ್ಸನ್ನು ಹಿಂದಕ್ಕೆ ಹಾಕುವಂತಿಲ್ಲ. ಚಿತ್ರವನ್ನು ಒಮ್ಮೆ ಸರಿಸಿ ಹೊಂದಿಸಿದರೆ ಅಕ್ಕಪಕ್ಕದ ವಾಕ್ಸೆಲ್‌ಗಳ ಗದ್ದಲ ಬೆರೆತು ಲೆಕ್ಕ ತಪ್ಪುತ್ತದೆ. ಎಡ್ಡಿ ಮುಗಿದ ಮೇಲೆ ಅದು ತಿರುಗಿಸಿ ಕೊಟ್ಟ ಬಿ-ವೆಕ್ಟರ್ (ಅಳೆದ ದಿಕ್ಕುಗಳ ಪಟ್ಟಿ) ಕಡತವನ್ನೇ ಬಳಸಬೇಕು. ಹೊಸಬರು ಹಳೆಯದನ್ನೇ ಹಾಕಿಬಿಡುತ್ತಾರೆ, ತಪ್ಪು ಕಣ್ಣಿಗೂ ಬೀಳುವುದಿಲ್ಲ.

ನಿಜವಾದ ತೊಡಕು ಯಂತ್ರದ ಹೊರಗಿದೆ. ಮುಂಚೂಣಿಯಲ್ಲಿ ಆಡುವ ದಪ್ಪ ಕುತ್ತಿಗೆಯ ಲೈನ್‌ಮನ್‌ಗಳಿಗೆ 32 ಚಾನೆಲ್‌ನ ಹೆಡ್ ಕಾಯಿಲ್ (ಸಂಕೇತ ಹಿಡಿಯಲು ತಲೆಯ ಸುತ್ತ ಹಾಕುವ ಪಂಜರ) ಬಿಗಿ. ಅವರಿಗೆ ಮಾತ್ರ ಬೇರೆ ಕಾಯಿಲ್ ಹಾಕಿದರೆ ಕಾಯಿಲ್‌ನ ವ್ಯತ್ಯಾಸವೇ ರೋಗದಂತೆ ಕಾಣುತ್ತದೆ. ಎಲ್ಲರಿಗೂ ಒಂದೇ ಇರಲಿ. ಹೋಲಿಕೆಗೆ ಕುಳಿತು ಕೆಲಸ ಮಾಡುವವರು ಸಾಲದು, ತಲೆಗೆ ಪೆಟ್ಟು ಬೀಳದ ಆಟಗಳ ಅದೇ ವಯಸ್ಸಿನ ಈಜುಗಾರರು, ಓಟಗಾರರು ಬೇಕು. ರಕ್ತದೊತ್ತಡ, ನಿದ್ರೆಯಲ್ಲಿ ಉಸಿರುಕಟ್ಟುವಿಕೆ, ಕುಡಿತ ಇವನ್ನು ಕೇಳಿ ಬರೆದುಕೊಳ್ಳದಿದ್ದರೆ ಬಿಳಿದ್ರವ್ಯದ (ನರತಂತುಗಳಿರುವ ಭಾಗದ) ಹಾನಿಯನ್ನೆಲ್ಲ ಆಟದ ತಲೆಗೇ ಕಟ್ಟಿದಂತಾಗುತ್ತದೆ. ಇನ್ನೊಂದು, ಮೆದುಳು ಸವೆದವರಲ್ಲಿ ಫಾರ್ನಿಕ್ಸ್‌ನಂಥ ತೆಳು ತಂತುಗಳ ವಾಕ್ಸೆಲ್‌ಗೆ ಸುತ್ತಲ ದ್ರವ ನುಗ್ಗಿ, ತಂತು ಚೆನ್ನಾಗಿದ್ದರೂ ಎಫ್‌ಎ ಇಳಿಯುತ್ತದೆ.

ಡಿಟಿಐ ಜೊತೆಗೆ, ಮೆದುಳಿನಲ್ಲಿ ಕಟ್ಟಿಕೊಳ್ಳುವ ಟೌ ಪ್ರೊಟೀನನ್ನು ತೋರಿಸುವ ಟೌ ಪಿಇಟಿ ಸ್ಕ್ಯಾನಿಗೆ ಫ್ಲೋರ್ಟೌಸಿಪಿರ್ ಎಂಬ ವಿಕಿರಣಶೀಲ ಔಷಧ ಸುಮಾರು 370 ಮೆಗಾಬೆಕೆರೆಲ್, ಚುಚ್ಚಿದ 80 ನಿಮಿಷಕ್ಕೆ ಶುರುಮಾಡಿ 20 ನಿಮಿಷದ ಸ್ಕ್ಯಾನ್. ಟೌ ಇಲ್ಲದಿದ್ದರೂ ಬೇಸಲ್ ಗ್ಯಾಂಗ್ಲಿಯಾ, ಕೊರಾಯ್ಡ್ ಪ್ಲೆಕ್ಸಸ್ ಎಂಬ ಮೆದುಳಿನ ಭಾಗಗಳು ಹೊಳೆಯುತ್ತವೆ. 2019ರಲ್ಲಿ ಎನ್‌ಎಫ್‌ಎಲ್ ಎಂಬ ಅಮೆರಿಕದ ವೃತ್ತಿಪರ ಲೀಗಿನ 26 ಮಾಜಿ ಆಟಗಾರರನ್ನು 31 ಜನರೊಂದಿಗೆ ಹೋಲಿಸಿದ ಅಧ್ಯಯನದಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಸಿಕ್ಕಿತು, ಒಬ್ಬೊಬ್ಬರ ರೋಗನಿರ್ಣಯವಲ್ಲ. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿನಿಂದ ಬರುವ ಸಿಟಿಇ ಎಂಬ ಮೆದುಳಿನ ಕಾಯಿಲೆ ಖಚಿತವಾಗುವುದು ಇಂದಿಗೂ ಮರಣಾನಂತರದ ಪರೀಕ್ಷೆಯಲ್ಲೇ. ಅದಕ್ಕೇ ನಮ್ಮ ಒಪ್ಪಿಗೆ ಪತ್ರದಲ್ಲಿ ಎಫ್‌ಎ ಅಂಕಿಯಾಗಲಿ ಟೌ ಅಂಕಿಯಾಗಲಿ ಭಾಗವಹಿಸಿದವರ ಕೈಗೆ ಸಿಗುವುದಿಲ್ಲ ಎಂದು ಮೊದಲೇ ಬರೆದಿರುತ್ತದೆ. ಗಡ್ಡೆ, ರಕ್ತಸ್ರಾವದಂಥದ್ದು ಕಂಡರೆ ಮಾತ್ರ ರೇಡಿಯಾಲಜಿಸ್ಟ್ ನೋಡಿ ಅವರ ವೈದ್ಯರಿಗೆ ತಿಳಿಸುತ್ತಾರೆ.