ಲಕ್ಷುರಿ ಎಸ್‌ಯುವಿಯ ಮೆತ್ತನೆ ಸವಾರಿ: ನಾನು ಉಳಿಸಿಕೊಂಡ ರೀತಿ

ನಾನು ಓಡಿಸುವುದು ವೋಲ್ವೊ ಎಕ್ಸ್‌ಸಿ60, ಬಿಎಂಡಬ್ಲ್ಯು ಎಕ್ಸ್3, ಔಡಿ ಕ್ಯೂ5 ಇರುವ ಸಾಲಿನ ಗಾಡಿ. ಉದ್ದ ಸುಮಾರು 4.7 ಮೀಟರ್, ತೂಕ 1,900 ಕೆಜಿ ಹತ್ತಿರ. 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 8 ಗೇರಿನ ಆಟೋಮ್ಯಾಟಿಕ್, ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೂ ಎಂಜಿನ್ ಬಲ). ವಾರಂಟಿ ಮುಗಿದ ಮೇಲೂ ಮಾರದೆ ಇಟ್ಟುಕೊಂಡಿದ್ದೇನೆ. ಕಾರಣ ಇಷ್ಟೇ: ಒಳಗೆ ಕೂತರೆ ಸದ್ದು ಕಡಿಮೆ, ಬೆನ್ನಿಗೆ ಏಟು ಕಡಿಮೆ. ಇಂಥ ಗಾಡಿಗೆ ಜಾಸ್ತಿ ದುಡ್ಡು ಕೊಡುವುದೇ ಇದಕ್ಕೆ ಅಲ್ವಾ? ದೊಡ್ಡ ಪರದೆ, ಬಣ್ಣದ ಲೈಟು ಎಲ್ಲ ಆಮೇಲೆ. ಆದರೆ ಆ ಮೌನ, ಆ ಮೆತ್ತನೆ ಸವಾರಿ ತಾವಾಗಿ ಉಳಿಯುವುದಿಲ್ಲ. ಸರ್ವಿಸ್ ಪುಸ್ತಕದಲ್ಲಿ ಬರೆದಷ್ಟು ಮಾಡಿದರೂ ಸಾಲದು.

ನಾನು ಮೊದಲು ಕೈ ಹಾಕಿದ್ದು ಚಕ್ರಕ್ಕೆ. ನನ್ನದು ಮೇಲಿನ ವೇರಿಯಂಟ್. 20 ಇಂಚಿನ ಅಲಾಯ್ ಬಂದಿತ್ತು, ಟೈರ್ ಸೈಜು 255/45 ಆರ್20. ಅಂದರೆ ಅಗಲ 255 ಮಿಮೀ, ಅದರ ಶೇ 45ರಷ್ಟು ಸೈಡ್‌ವಾಲಿನ, ಅಂದರೆ ಟೈರಿನ ಪಕ್ಕದ ಗೋಡೆಯ, ಎತ್ತರ. ಲೆಕ್ಕ ಹಾಕಿದರೆ ಸುಮಾರು 115 ಮಿಮೀ. ಇದೇ ಗಾಡಿಯ ಕೆಳಗಿನ ವೇರಿಯಂಟಿಗೆ ಬರುವುದು 235/60 ಆರ್18. ಅದರ ಸೈಡ್‌ವಾಲ್ 141 ಮಿಮೀ. ಇಡೀ ಚಕ್ರದ ಎತ್ತರ ಎರಡಕ್ಕೂ ಹೆಚ್ಚೂಕಮ್ಮಿ ಒಂದೇ, ಹಾಗಾಗಿ ಸ್ಪೀಡೋಮೀಟರ್ ತಪ್ಪು ತೋರಿಸುವ ಭಯವಿಲ್ಲ. ಆದರೆ ರಿಮ್ಮಿಗೂ ರಸ್ತೆಗೂ ನಡುವೆ 26 ಮಿಮೀ ಜಾಸ್ತಿ ರಬ್ಬರು, ಜಾಸ್ತಿ ಗಾಳಿ. ಎಂಥ ಒಳ್ಳೆ ಸಸ್ಪೆನ್ಶನ್ ಇದ್ದರೂ ಗುಂಡಿಯ ಅಂಚಿನ ಚುರುಕು ಏಟನ್ನು ಮೊದಲು ನುಂಗಬೇಕಾದ್ದು ಟೈರೇ.

ಹಾಗಾಗಿ 18 ಇಂಚಿಗೆ ಇಳಿಸಿದೆ. ಇಳಿಸುವ ಮೊದಲು ಮೂರು ವಿಷಯ ನೋಡಿಕೊಂಡೆ. ಚಿಕ್ಕ ರಿಮ್ಮು ಬ್ರೇಕ್ ಕ್ಯಾಲಿಪರಿಗೆ (ಡಿಸ್ಕನ್ನು ಹಿಡಿಯುವ ಭಾಗ) ತಾಗಬಾರದು. ಕೆಲವು ಪವರ್‌ಫುಲ್ ವೇರಿಯಂಟ್‌ಗಳಲ್ಲಿ ಮುಂದಿನ ಡಿಸ್ಕ್ ದೊಡ್ಡದಿರುತ್ತದೆ, ಅವಕ್ಕೆ 18 ಕೂರುವುದೇ ಇಲ್ಲ. ರಿಮ್ಮಿನ ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವ ಅಳತೆ) ಕಂಪನಿ ಹೇಳಿದ್ದೇ ಇರಬೇಕು. ಟೈರಿನ ಲೋಡ್ ಇಂಡೆಕ್ಸ್ ಮೊದಲಿನದಕ್ಕಿಂತ ಕಡಿಮೆ ಆಗಬಾರದು. ನನ್ನ ಹಳೇ ಟೈರಿನದ್ದು 105, ಅಂದರೆ ಒಂದು ಟೈರು 925 ಕೆಜಿ ಹೊರುತ್ತದೆ. ಹೊಸದು 107, ಅಂದರೆ 975 ಕೆಜಿ. ಇಷ್ಟು ಭಾರದ ಗಾಡಿಗೆ ಈ ನಂಬರನ್ನು ಸುಮ್ನೆ ಬಿಡುವ ಹಾಗಿಲ್ಲ.

ಫರಕು ಮೊದಲ ದಿನವೇ ಗೊತ್ತಾಯಿತು. ಫ್ಲೈಓವರಿನ ಜಾಯಿಂಟ್ ಮೇಲೆ ಹೋಗುವಾಗ ಮೊದಲು ‘ಟಕ್’ ಅಂತ ಸ್ಟೀರಿಂಗಿಗೇ ಬರುತ್ತಿದ್ದ ಏಟು ಈಗ ದೂರದಲ್ಲಿ ಎಲ್ಲೋ ‘ಧುಪ್’ ಅಂದ ಹಾಗೆ ಕೇಳಿಸುತ್ತದೆ. ಕಿತ್ತುಹೋದ ಡಾಂಬರಿನ ಮೇಲೂ ಹಿಂದೆ ಕೂತವರು ಮಾತು ನಿಲ್ಲಿಸುವುದಿಲ್ಲ. ಕಳೆದುಕೊಂಡದ್ದೂ ಇದೆ. ವೇಗದ ತಿರುವಿನಲ್ಲಿ ಗಾಡಿ ಒಂದು ಕ್ಷಣ ತಡವಾಗಿ ತಿರುಗುತ್ತದೆ. ನೋಡೋಕೆ ಮೊದಲಿನ ಗತ್ತೂ ಇಲ್ಲ. ನನಗೆ ಎರಡೂ ಪರವಾಗಿಲ್ಲ.

ಚಕ್ರದಷ್ಟೇ ಮುಖ್ಯ ಗಾಳಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಎರಡು ಸಾಲು: ಇಬ್ಬರು ಮೂವರು ಕೂತಾಗ ಎಷ್ಟು, ಪೂರ್ತಿ ಲೋಡ್ ಇದ್ದಾಗ ಎಷ್ಟು. ಗಾಳಿ ಹಾಕುವವರು ದೊಡ್ಡ ಗಾಡಿ ಅಂತ ನೋಡಿ ಜಾಸ್ತಿಯೇ ತುಂಬಿಬಿಡುತ್ತಾರೆ. ಆಗ ಟೈರು ಕಲ್ಲಿನಂತಾಗುತ್ತದೆ. ಬೆಳಗ್ಗೆ ಗಾಡಿ ತೆಗೆಯುವ ಮೊದಲು, ಟೈರು ತಣ್ಣಗಿರುವಾಗ, ನನ್ನದೇ ಗೇಜಿನಲ್ಲಿ ನೋಡುತ್ತೇನೆ. ಓಡಿಸಿದ ಮೇಲೆ ನೋಡಿದರೆ 3–4 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಜಾಸ್ತಿ ತೋರಿಸುತ್ತದೆ. ಹೊರಗಿನ ಬಿಸಿ 10 ಡಿಗ್ರಿ ಸೆಲ್ಸಿಯಸ್ ಏರಿಳಿದರೂ ಸುಮಾರು 1.5–2 ಪಿಎಸ್‌ಐ ವ್ಯತ್ಯಾಸ ಬರುತ್ತದೆ. ಎಲ್ಲರೂ ಲಗೇಜ್ ಸಮೇತ ಹೊರಟಾಗ ಮಾತ್ರ ಎರಡನೇ ಸಾಲಿನ ನಂಬರು.

ಆಲ್ ವೀಲ್ ಡ್ರೈವ್ ಗಾಡಿಗೆ ಇನ್ನೊಂದು ಕಟ್ಟುಪಾಡಿದೆ. ನಾಲ್ಕೂ ಟೈರು ಒಂದೇ ಕಂಪನಿ, ಒಂದೇ ಮಾಡೆಲ್, ಸವೆತವೂ ಹೆಚ್ಚೂಕಮ್ಮಿ ಒಂದೇ ಇರಬೇಕು. ಒಂದು ಹೊಸದು, ಮೂರು ಹಳೆಯದು ಆದರೆ ಸುತ್ತಳತೆ ಬೇರೆ ಆಗಿ, ಡ್ರೈವ್ ಹಂಚುವ ಕ್ಲಚ್ಚು ಸುಮ್ಮನೆ ದುಡಿಯುತ್ತಲೇ ಇರುತ್ತದೆ. ಅದಕ್ಕೇ 10,000 ಕಿಮೀಗೊಮ್ಮೆ ಹಿಂದೆ ಮುಂದೆ ಬದಲಿಸುತ್ತೇನೆ. ಸ್ಟೆಪ್ನಿ ವಿಷಯವನ್ನೂ ಕೊಳ್ಳುವಾಗಲೇ ಕೇಳಿ. ಈ ಸಾಲಿನ ಎಷ್ಟೋ ಗಾಡಿಗಳಲ್ಲಿ ಬರುವುದು ಪಂಕ್ಚರ್ ಕಿಟ್ ಮಾತ್ರ. ಮೊಳೆ ಚುಚ್ಚಿದರೆ ಅದು ಸಾಕು, ಸೈಡ್‌ವಾಲ್ ಹರಿದರೆ ಅದರಿಂದ ಏನೂ ಆಗದು.

ಇನ್ನು ಸದ್ದಿನ ಮಾತು. ಮುಂದಿನ ಗಾಜು ಇಲ್ಲಿ ಬರೀ ಗಾಜಲ್ಲ. ಎರಡು ಪದರದ ನಡುವೆ ಸದ್ದು ಹೀರುವ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಎಷ್ಟೋ ಗಾಜುಗಳ ಮೂಲೆಯ ಅಚ್ಚಿನಲ್ಲಿ ಕಿವಿಯ ಚಿತ್ರ ಅಥವಾ ‘ಅಕೂಸ್ಟಿಕ್’ ಅನ್ನುವ ಪದ ಕಾಣುತ್ತದೆ. ಕಲ್ಲು ಬಡಿದು ಗಾಜು ಬದಲಿಸುವಾಗ ಅದೇ ಥರದ್ದು ಕೇಳಿ ಹಾಕಿಸಿದೆ. ಕನ್ನಡಿಯ ಹಿಂದಿನ ಕ್ಯಾಮೆರಾವನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿಸಿ (ಅದರ ನೋಟ ಸರಿಹೊಂದಿಸಿ), ಅದರ ಪ್ರಿಂಟ್ ಕೈಗೆ ಬರುವವರೆಗೂ ಗಾಡಿ ತೆಗೆಯಲಿಲ್ಲ. ತಾನಾಗಿ ಬ್ರೇಕ್ ಹಾಕುವುದು, ಲೇನ್ ಹಿಡಿಯುವುದು ಎಲ್ಲ ಆ ಕ್ಯಾಮೆರಾ ನಂಬಿಕೊಂಡೇ ಇರುವುದು.

ಓರೆಯಾದ ಇಳಿಜಾರು ಹತ್ತುವಾಗ ಬಾಗಿಲ ಕಡೆಯಿಂದ ಕಿರಕಿರ ಅಂತ ಸದ್ದು ಬಂದರೆ ಗಾಬರಿ ಬೇಡ. ಮುಕ್ಕಾಲು ಪಾಲು ಅದು ರಬ್ಬರ್ ಬೀಡಿಂಗ್ ಲೋಹಕ್ಕೆ ಉಜ್ಜುವ ಸದ್ದು. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ಒಣಗಿದ ಮೇಲೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿದರೆ ಮಾಯ.

ಪನೋರಮಿಕ್ ಸನ್‌ರೂಫ್ ಇರುವವರು ಇದನ್ನು ಗಮನವಿಟ್ಟು ಓದಿ. ಸನ್‌ರೂಫಿನ ರಬ್ಬರು ನೀರನ್ನು ಪೂರ್ತಿ ತಡೆಯುವುದಿಲ್ಲ, ತಡೆಯಲಿ ಅಂತ ಮಾಡಿದ್ದೂ ಅಲ್ಲ. ಒಳಗೆ ಇಳಿದ ನೀರು ಒಂದು ಕಾಲುವೆಯಲ್ಲಿ ಸೇರಿ, ಮೂಲೆಯ ತೂತುಗಳಿಂದ ಸಣ್ಣ ಪೈಪಿನಲ್ಲಿ ಕೆಳಗೆ ಹೋಗುತ್ತದೆ. ಆ ತೂತಿಗೆ ಧೂಳು, ಎಲೆಯ ಚೂರು ಸೇರಿದರೆ ನೀರು ಕಾರ್ಪೆಟ್ ಕೆಳಗೆ ಇಳಿಯುತ್ತದೆ. ವೈರಿಂಗೂ ಕೆಲವು ಕಂಟ್ರೋಲ್ ಯೂನಿಟ್ಟೂ ಅಲ್ಲೇ ಇರುತ್ತವೆ. ಮಳೆಗಾಲಕ್ಕೆ ಮೊದಲು ನಾನೇ ನೋಡುತ್ತೇನೆ. ಗಾಜು ಪೂರ್ತಿ ತೆರೆದು, ಮುಂದಿನ ಮೂಲೆಯ ತೂತಿಗೆ ಒಂದು ಸಣ್ಣ ಲೋಟ ನೀರನ್ನು ನಿಧಾನಕ್ಕೆ ಬಿಡುತ್ತೇನೆ. ನನ್ನ ಗಾಡಿಯಲ್ಲಿ ಸ್ವಲ್ಪ ಹೊತ್ತಿಗೇ ಮುಂದಿನ ಚಕ್ರದ ಹಿಂಭಾಗದಲ್ಲಿ ನೀರು ತೊಟ್ಟಿಕ್ಕಬೇಕು. ತಡವಾದರೆ ತೆಳು ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿ ಬಿಡಿಸುತ್ತೇನೆ. ಕಂಪ್ರೆಸರ್ ಗಾಳಿ ಹೊಡೆಯಲು ಯಾರಿಗೂ ಬಿಡಬೇಡಿ. ಒತ್ತಡಕ್ಕೆ ಪೈಪು ಜಾಯಿಂಟಿನಲ್ಲಿ ಕಳಚಿಕೊಂಡರೆ ರೂಫ್ ಲೈನಿಂಗ್ ಇಳಿಸಬೇಕಾಗುತ್ತದೆ.

ಬ್ಯಾಟರಿ ಮತ್ತೊಂದು. ಒಂದಕ್ಕೊಂದು ಸಂಬಂಧವಿಲ್ಲದ ವಾರ್ನಿಂಗ್‌ಗಳು ಒಟ್ಟಿಗೇ ಬಂದರೆ ನಾನು ಮೊದಲು ನೋಡುವುದು 12 ವೋಲ್ಟ್ ಬ್ಯಾಟರಿಯನ್ನು. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟಿಗಿಂತ ಮೇಲಿದ್ದರೆ ಸರಿ, 12.2ರ ಹತ್ತಿರ ಇದ್ದರೆ ಅರ್ಧ ಖಾಲಿ. ಇಂಥ ಗಾಡಿಯಲ್ಲಿ ನಿಂತಾಗಲೂ ಎಷ್ಟೋ ಕಂಪ್ಯೂಟರ್‌ಗಳು ಸ್ವಲ್ಪ ಹೊತ್ತು ಎಚ್ಚರವಾಗಿರುತ್ತವೆ. ಬರೀ ಹತ್ತಿರದ ಓಡಾಟ ಇದ್ದರೆ ಬ್ಯಾಟರಿ ತುಂಬುವುದೇ ಇಲ್ಲ. ನನ್ನ ಗಾಡಿಯಲ್ಲಿರುವ ಎಜಿಎಂ ಅನ್ನುವ ಥರದ ಬ್ಯಾಟರಿಗೆ ಒಪ್ಪುವ ಚಾರ್ಜರ್ ಇಟ್ಟುಕೊಂಡಿದ್ದೇನೆ. ಬ್ಯಾಟರಿ ಬದಲಿಸಿದರೆ ಕೆಲವು ಗಾಡಿಗಳಲ್ಲಿ ಅದನ್ನು ಕಂಪ್ಯೂಟರಿಗೂ ತಿಳಿಸಬೇಕು, ಕೇಳಿ ನೋಡಿ.

ಆಯಿಲ್ ವಿಷಯದಲ್ಲಿ ಕಂಪನಿ ಹೇಳಿದ ಕಿಲೋಮೀಟರಿಗೆ ನಾನು ಕಾಯುವುದಿಲ್ಲ, ಅದರ ಅರ್ಧಕ್ಕೇ ಬದಲಿಸುತ್ತೇನೆ. ಟರ್ಬೊ ಎಂಜಿನ್, ಟ್ರಾಫಿಕ್ ಓಟ, ಅಷ್ಟು ಸಾಕು ಕಾರಣ. ಗೇರ್‌ಬಾಕ್ಸ್ ಆಯಿಲ್ ‘ಲೈಫ್‌ಟೈಮ್’ ಅಂತ ಹೇಳುತ್ತಾರೆ. ಆದರೆ ಈ ಸಾಲಿನ ಹಲವು ಗಾಡಿಗಳಿಗೆ 8 ಗೇರಿನ ಬಾಕ್ಸ್ ಮಾಡಿಕೊಡುವ ಝೆಡ್‌ಎಫ್ ಕಂಪನಿಯೇ, ಓಡಿಸುವ ರೀತಿ ನೋಡಿ, 80,000ದಿಂದ 1,20,000 ಕಿಮೀ ಅಥವಾ 8 ವರ್ಷಕ್ಕೆ ಬದಲಿಸಿ ಅನ್ನುತ್ತದೆ. ಮಾಡಿದವರ ಮಾತೇ ನನಗೆ ಜಾಸ್ತಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಹಾಗಾಗಿ ಓಡಲಿ ಬಿಡಲಿ 2 ವರ್ಷಕ್ಕೊಮ್ಮೆ ಹೊಸದು.

ಮೈಲೇಜ್ ಕೇಳುವವರಿಗೆ: ಲೀಟರಿಗೆ ಊರೊಳಗೆ 8–9 ಕಿಮೀ, ಹೈವೇಯಲ್ಲಿ 12–13. ಈ ತೂಕಕ್ಕೆ ಇದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ. ತಿಳಿ ಬಣ್ಣದ ಲೆದರ್ ಸೀಟಿಗೆ ಹೊಸ ನೀಲಿ ಜೀನ್ಸಿನ ಬಣ್ಣ ಅಂಟುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆ ಸಾಕು. ಈಗಿನ ಲೆದರಿನ ಮೇಲೆ ತೆಳು ಕೋಟಿಂಗ್ ಇರುವುದರಿಂದ ಎಣ್ಣೆ ಪಾಲಿಶ್ ಒಳಗೆ ಇಳಿಯುವುದೂ ಇಲ್ಲ.

ಕೊಳ್ಳುವ ಯೋಚನೆ ಇದ್ದರೆ ಟೆಸ್ಟ್ ಡ್ರೈವಿಗೆ ಕೊಟ್ಟ ಗಾಡಿಯ ಟೈರ್ ಸೈಜನ್ನು ಮೊದಲು ಓದಿ. ನೀವು ಬುಕ್ ಮಾಡುವ ವೇರಿಯಂಟಿನ ಸೈಜು ಬೇರೆ ಇದ್ದರೆ, ನೀವು ಓಡಿಸಿ ನೋಡಿದ್ದು ನಿಮ್ಮ ಗಾಡಿಯನ್ನಲ್ಲ. ಷೋರೂಮಿನವರು ನುಣ್ಣನೆ ರಸ್ತೆಗೆ ಕರೆದುಕೊಂಡು ಹೋಗುತ್ತಾರೆ. ನೀವು ದಿನಾ ಓಡಾಡುವ ಕೆಟ್ಟ ರಸ್ತೆಗೇ ತಿರುಗಿಸಿ, ಎಸಿ ಮತ್ತು ಹಾಡು ಆಫ್ ಮಾಡಿ, ಒಂದಿಷ್ಟು ದೂರ ಹಿಂದಿನ ಸೀಟಿನಲ್ಲೂ ಕೂತು ನೋಡಿ.